ಓನರ್ರ ದುಂಬಿ ಪೆಟ್ಟಿಗೆಗಳು

ಅವರ ಅಂಗಿಯ ಜೇಬು ಕೆರೆಯುತ್ತಿತ್ತು. ನಗಬೇಡಿ, ನಿಜವಾಗಿಯೂ ಕೆರೆಯುತ್ತಿತ್ತು. ನಾವು ಬಾಡಿಗೆಗೆ ಮನೆ ನೋಡಲು ಹೋದ ದಿನ ಬಾಗಿಲು ತೆಗೆದವರ ಎಡಗಡೆ ಜೇಬಿನಲ್ಲಿ ಒಂದು ಬೆಂಕಿಪೆಟ್ಟಿಗೆ ಇತ್ತು. ಅದರೊಳಗಿಂದ ಕರಕರ ಸದ್ದು ಬರುತ್ತಿತ್ತು. ಎತ್ತರದ ಆಳು, ಬಿಳಿ ಅರ್ಧತೋಳಿನ ಅಂಗಿ, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ನಿಂತ ಪಂಚೆ, ಮೈಯೆಲ್ಲ ನುಸಿಗುಳಿಗೆಯ ವಾಸನೆ. ನಮ್ಮನೆಯವರು ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತೆ, ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕೇಳುತ್ತಿದ್ದರೆ ನಾನು ಆ ಜೇಬನ್ನೇ ನೋಡುತ್ತಾ ನಿಂತಿದ್ದೆ. ಅವರಿಗೆ ಗೊತ್ತಾಯಿತು. ಬೆಂಕಿಪೆಟ್ಟಿಗೆ ಹೊರಗೆ ತೆಗೆದು ಅರ್ಧ ಬೆರಳಿನಷ್ಟು ತೆರೆದರು. ಒಳಗೆ ಹಸಿರಾಗಿ ಹೊಳೆಯುವ ಒಂದು ಜೀರ್ಜಿಂಬೆ, ಪಕ್ಕದಲ್ಲಿ ಎರಡು ಎಳೆ ಜಾಲಿ ಸೊಪ್ಪು.

"ನಿಮ್ಮೂರ ಕಡೆ ಇದು ಸಿಗ್ತದೇನಮ್ಮ? ಯಾವೂರು ನಿಂದು?"

"ಅರಸೀಕೆರೆ ಹತ್ರ ಹಳ್ಳಿ. ಸಿಗುತ್ತೆ ಸಾರ್. ನಾವು ಚಿಕ್ಕವರಿದ್ದಾಗ ಸಾಕ್ತಿದ್ವಿ."

"ಯಾವ ತಿಂಗಳಲ್ಲಿ?"

ಇದೇನು ಪ್ರಶ್ನೆ ಅನ್ನಿಸಿತು. ಮನೆ ಕೊಡುವವರು ಎಷ್ಟು ಜನ ಇರ್ತೀರ, ಮಾಂಸ ಮಾಡ್ತೀರ ಅಂತ ಕೇಳುವುದನ್ನು ನೋಡಿದ್ದೆ, ಜೀರ್ಜಿಂಬೆ ಯಾವ ತಿಂಗಳಲ್ಲಿ ಬರುತ್ತೆ ಅಂತ ಕೇಳುವವರನ್ನು ನೋಡಿರಲಿಲ್ಲ. ಮುಂಗಾರು ಶುರುವಾದ ಮೇಲೆ ಅಂದೆ. ಅವರು ತಲೆಯಾಡಿಸಿ ಬೀಗದ ಕೈ ಕೊಟ್ಟುಬಿಟ್ಟರು.

ಎಪ್ಪತ್ತರ ದಶಕದ ಮಧ್ಯದ ಮಾತು. ಬನಶಂಕರಿ ಎರಡನೇ ಹಂತ ಅಂದರೆ ಆಗ ಅರ್ಧ ಮನೆ, ಅರ್ಧ ಸೈಟಿನ ಕಲ್ಲು. ರಸ್ತೆಗೆ ಟಾರು ಬಿದ್ದಿರಲಿಲ್ಲ. ಗಾಳಿ ಬೀಸಿದರೆ ಕೆಂಪು ಧೂಳು ಎದ್ದು ಒಗೆದು ಹಾಕಿದ ಸೀರೆ ಮೇಲೆ, ಅನ್ನದ ತಟ್ಟೆ ಮೇಲೆ, ಕಣ್ಣಿನ ರೆಪ್ಪೆ ಮೇಲೆ ಕೂತುಬಿಡುತ್ತಿತ್ತು. ನಮ್ಮನೆಯವರು ಬೆಳಗ್ಗೆ ಆರೂವರೆಗೆ ಫ್ಯಾಕ್ಟರಿ ಬಸ್ಸು ಹತ್ತಿದರೆ ಸಂಜೆ ಆರಕ್ಕೆ ಇಳಿಯುತ್ತಿದ್ದರು. ನಾನು ಹದಿನೇಳು ಜನರಿದ್ದ ಮನೆಯಿಂದ ಬಂದವಳು, ಮೊದಲೇ ಬಾಯಿಬಡುಕಿ. ಇಲ್ಲಿ ಎಡಕ್ಕೆ ಖಾಲಿ ಸೈಟು, ಎದುರಿಗೆ ಖಾಲಿ ಸೈಟು, ಬಲಕ್ಕೆ ಒಂದೇ ಗೋಡೆಯ ಆಚೆ ಓನರ್ರು. ಅವರು ಮಾತಿನ ಮನುಷ್ಯರಲ್ಲ. ಒಂದೊಂದು ದಿನ ಹಾಲಿನವಳಿಗೆ "ಅರ್ಧ ಲೀಟರ್" ಅಂದದ್ದೇ ಇಡೀ ಹಗಲಿನ ನನ್ನ ಮಾತು. ತಡೆಯಲಾರದೆ ಒಲೆಗೆ ಬೈಯುತ್ತಿದ್ದೆ, ಸೌಟಿಗೆ ಬೈಯುತ್ತಿದ್ದೆ. ಒಂದು ಮಧ್ಯಾಹ್ನ ಸುಮ್ಮನೆ ಕೂತು ಅತ್ತುಬಿಟ್ಟೆ, ಯಾಕೆ ಅಂತ ಕೇಳುವುದಕ್ಕೂ ಯಾರೂ ಇರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ನನ್ನ ಹೆಸರುಕಾಳಿಗೆ ಹುಳ ಬಿತ್ತು. ಮೊರದಲ್ಲಿ ಹರಡಿಕೊಂಡು ತಾರಸಿ ಮೇಲೆ ಬಿಸಿಲಿಗಿಟ್ಟು, ಹುಳದ ವಂಶಕ್ಕೇ ಶಾಪ ಹಾಕುತ್ತಾ ಆರಿಸುತ್ತಿದ್ದೆ. ಓನರ್ರು ಪಂಚೆ ಒಣಹಾಕಲು ಬಂದವರು ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಡಬ್ಬ ಕೊಡು ಅಂದರು, ಕೊಟ್ಟೆ. ಅದರ ತಳದಲ್ಲಿ ಉಳಿದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಗಿನ ಹತ್ತಿರ ಹಿಡಿದರು.

"ಎರಡು ತಿಂಗಳಾಗಿದೆ ಕಣಮ್ಮ ಇದು ಒಳಗೆ ಸೇರಿ. ಪುಡಿ ಹೇಳ್ತದೆ. ಹುಳ ಕಣ್ಣಿಗೆ ಬೀಳೋದು ಕೊನೇಲಿ, ಮೊದಲು ಬೀಳೋದು ಪುಡಿ. ಪುಡಿ ಕಂಡ್ರೆ ಒರೆಸಬೇಡ, ಎಲ್ಲಿಂದ ಬಂತು ಅಂತ ನೋಡು."

ಆಮೇಲೆ ಒಂದು ಕಾಳು ಎತ್ತಿ ತೋರಿಸಿದರು. ಅದರಲ್ಲಿ ಗುಂಡುಸೂಜಿ ತಲೆಯಷ್ಟು ದುಂಡನೆಯ ಒಂದು ತೂತು. ಆ ಹುಳ ಮರಿಯಾಗಿದ್ದಾಗಿಂದ ಆ ಒಂದೇ ಕಾಳಿನೊಳಗೆ, ಕತ್ತಲಲ್ಲಿ, ಒಬ್ಬೊಂಟಿಯಾಗಿ ಬೆಳೆದು, ರೆಕ್ಕೆ ಬಂದ ದಿನ ಬಾಗಿಲು ಕೊರೆದುಕೊಂಡು ಹೊರಗೆ ಬರುತ್ತಂತೆ. ನಾನು ಆ ಕಾಳನ್ನು ಅವರ ಕೈಯಿಂದ ಇಸಕೊಂಡು ತೂತಿನೊಳಗೆ ಇಣುಕಿದೆ. ಆ ಹೊತ್ತಿನವರೆಗೆ ಅದಕ್ಕೇ ಬೈಯುತ್ತಿದ್ದವಳು ನಾನು. ಅವರು "ಒಂದು ತಗೊಳ್ಳಲಾ?" ಅಂತ ಕೇಳಿದರು. ನನ್ನ ಹೆಸರುಕಾಳಿನ ಹುಳಕ್ಕೆ ನನ್ನ ಒಪ್ಪಿಗೆ! ತಗೊಳ್ಳಿ ಸಾರ್, ಎಲ್ಲ ತಗೊಳ್ಳಿ ಅಂದೆ. ಒಂದು ಸಾಕು ಅಂದರು.

ಆವತ್ತು ಮೊದಲ ಸಲ ಅವರ ಮನೆಯೊಳಗೆ ಕಾಲಿಟ್ಟೆ. ನಡುಮನೆಯಲ್ಲಿ ಒಂದು ಕುರ್ಚಿ, ಒಂದು ಮೇಜು, ಗೋಡೆ ಉದ್ದಕ್ಕೂ ಗಾಜಿನ ಮುಚ್ಚಳದ ಮರದ ಪೆಟ್ಟಿಗೆಗಳು. ತಳಕ್ಕೆ ಬೆಂಡು, ಬೆಂಡಿನ ಮೇಲೆ ಬಿಳಿ ಕಾಗದ, ಅದರ ಮೇಲೆ ಸಾಲುಸಾಲಾಗಿ ಸೂಜಿಗೆ ಚುಚ್ಚಿದ ದುಂಬಿಗಳು. ನನಗೆ ತಿಳಿದಿದ್ದು ನಾಲ್ಕೈದು ಜಾತಿ: ಸಗಣಿ ಉಂಡೆ ಉರುಳಿಸುವುದು, ಗುಲಗಂಜಿ ಹುಳ, ತೆಂಗಿನ ಸುಳಿ ತಿನ್ನುವ ಕೊಂಬಿನದು, ಅಕ್ಕಿಯ ಸೊಂಡಿಲಿನ ಹುಳ. ಅಲ್ಲಿ ನೋಡಿದರೆ ಸಾಸಿವೆಗಿಂತ ಸಣ್ಣದರಿಂದ ಹಿಡಿದು ನನ್ನ ಹೆಬ್ಬೆರಳಿನಷ್ಟು ದಪ್ಪದವರೆಗೆ, ಮೈಗಿಂತ ಎರಡರಷ್ಟು ಉದ್ದ ಮೀಸೆಯವು, ವೆಲ್ವೆಟ್ಟಿನ ಹಾಗೆ ಕಪ್ಪಾದವು, ತಾಮ್ರದ ಬಣ್ಣದವು. ಮಿಂಚುಹುಳವೂ ಅದೇ ಸಾಲಿನಲ್ಲಿತ್ತು. ಇದೂ ದುಂಬಿಯಾ ಅಂದೆ.

"ಬೆನ್ನ ಮೇಲೆ ನೇರ ಗೆರೆ ಐತಾ ನೋಡು. ಮುಂದಿನ ಎರಡು ರೆಕ್ಕೆ ಗಟ್ಟಿಯಾಗಿ ಕದ ಆಗಿರ್ತವೆ, ನಡೂಮಧ್ಯೆ ಕೂಡ್ಕೋತವೆ. ಹಾರೋ ರೆಕ್ಕೆ ಒಳಗೆ ಮಡಚಿ ಇಟ್ಟಿರ್ತದೆ. ಆ ಗೆರೆ ಇದ್ರೆ ನಮ್ಮದು."

'ನಮ್ಮದು' ಅಂದರು. ಮೂವತ್ತು ವರ್ಷ ಸರ್ಕಾರಿ ದವಸದ ಗೋಡೌನುಗಳಲ್ಲಿ ಹುಳ ಕೊಲ್ಲುವುದೇ ಅವರ ಕೆಲಸವಾಗಿತ್ತು. ಮೂಟೆಗಳಿಗೆ ಟಾರ್ಪಾಲು ಹೊದಿಸಿ, ಒಳಗೆ ಹೊಗೆ ಬಿಟ್ಟು, ನಾಲ್ಕು ದಿನ ಬಿಟ್ಟು ಗುಡಿಸುವುದು. ಮೊರಗಟ್ಟಲೆ ಸತ್ತ ಹುಳ. "ಕೊಲ್ಲೋವಾಗ ಒಂದನ್ನೂ ನೆಟ್ಟಗೆ ನೋಡಿರ್ಲಿಲ್ಲಮ್ಮ," ಅಂದರು. ಹೆಂಡತಿ ತೀರಿಕೊಂಡು, ಮಕ್ಕಳಿಲ್ಲದೆ, ರಿಟೈರಾಗಿ ಮನೆಯಲ್ಲಿ ಕೂತ ಮೊದಲ ವಾರ ಕಿಟಕಿಗೆ ಒಂದು ದುಂಬಿ ಬಂದು ಡಿಕ್ಕಿ ಹೊಡೆಯಿತಂತೆ. ಅಂಗಾತ ಬಿದ್ದಿದ್ದು ಟಕ್ ಅಂತ ಸದ್ದು ಮಾಡಿ ಒಂದು ಗೇಣು ಮೇಲೆ ಚಿಮ್ಮಿ, ಕಾಲ ಮೇಲೆ ನಿಂತಿತಂತೆ. ಅವರು ಅದನ್ನು ಮತ್ತೆ ಮಗುಚಿದರು, ಮತ್ತೆ ಟಕ್. ಮಧ್ಯಾಹ್ನವೆಲ್ಲ ಅದೇ ಆಟ. ಆವತ್ತು ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅಂದರು. ಹೊತ್ತು ಹೋಗದ ಕಷ್ಟ ನನಗೆ ವಿವರಿಸಬೇಕಾಗಿರಲಿಲ್ಲ.

ಅವರು ಹುಟ್ಟಿದ್ದು ಚಿಕ್ಕಲಸಂದ್ರ. ತಮ್ಮನ ಸಂಸಾರ ಅಲ್ಲೇ ಇತ್ತು, ಹಬ್ಬಕ್ಕೆ ಹೋಗಿ ಉಂಡು ಸಂಜೆಗೆ ವಾಪಸು ಬರುತ್ತಿದ್ದರು. ಮನೆತನದ ರಾಗಿ ಹೊಲಗಳೆಲ್ಲ ಬಡಾವಣೆಗೆ ಹೋಗಿದ್ದವು. ಸುತ್ತಮುತ್ತಲ ಒಂದೊಂದು ಕೆರೆ, ಒಂದೊಂದು ತೋಪು, ಒಂದೊಂದು ಬೇಲಿಯಿಂದ ಜಾತಿಗೊಂದರಂತೆ ದುಂಬಿ ಹಿಡಿದು ಇಡಬೇಕು, ಕಲ್ಲು ನೆಡುವುದರೊಳಗೆ ಮುಗಿಸಬೇಕು ಅನ್ನುವುದು ಅವರ ಹಟ. ಒಂದು ಜಾತಿಗೆ ಒಂದೇ. ಎರಡನೆಯದು ಸಿಕ್ಕರೆ ಬಿಟ್ಟುಬಿಡುತ್ತಿದ್ದರು. ಹಾಗಾದರೆ ಕಷ್ಟ ಏನು ಅಂತೀರಾ? ಲೇಬಲ್ಲು. ಪ್ರತಿ ಸೂಜಿಗೂ ದುಂಬಿಯ ಕೆಳಗೆ ಕಿರುಬೆರಳ ಉಗುರಿನಷ್ಟು ಅಗಲದ ಕಾಗದ ಇರಬೇಕು. ಅದರಲ್ಲಿ ಸಿಕ್ಕಿದ ಜಾಗ, ತಾರೀಖು, ಹಿಡಿದವರ ಹೆಸರು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಬರೆದಿದ್ದು ಇರುವೆ ಮಸಿಯಲ್ಲಿ ಬಿದ್ದೆದ್ದು ಓಡಾಡಿದ ಹಾಗಿತ್ತು.

"ನಾನು ಬರೀಲಾ ಸಾರ್?" ಅಂದೆ. ಹಳ್ಳಿ ಸ್ಕೂಲಿನಲ್ಲಿ ಅಕ್ಷರಕ್ಕೆ ಬಹುಮಾನ ತಗೊಂಡಿದ್ದವಳು, ಆ ಅಕ್ಷರ ಮದುವೆಯಾದ ಮೇಲೆ ದಿನಸಿ ಚೀಟಿ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಹಾಗೆ ಶುರುವಾಯಿತು. ಮಧ್ಯಾಹ್ನ ಮೂರಕ್ಕೆ ಗೋಡೆ ಮೇಲೆ ಎರಡು ಸಲ ಬಡಿಯುತ್ತಿದ್ದರು, ಟಕ್ ಟಕ್. ಕೈ ಒರೆಸಿಕೊಂಡು ಓಡುತ್ತಿದ್ದೆ. ಮೇಜಿನ ಮೇಲೆ ಕಪ್ಪು ಇಂಕು, ಸೂಜಿಯಂಥ ನಿಬ್ಬು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. 'ಹುಳಿಮಾವು ಕೆರೆ, ಕೋಡಿ ಪಕ್ಕ.' 'ಚಿಕ್ಕಲಸಂದ್ರ, ನಮ್ಮ ಹಳೆ ಹೊಲದ ಬದು, ಅವರೆ ಹೂವಿನ ಮೇಲೆ.' ಜಾತಿಯ ಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡು ಅನ್ನುತ್ತಿದ್ದರು. "ಹೆಸರನ್ನ ಓದಿದೋರು ಯಾರಾದ್ರೂ ಆಮೇಲೆ ಹಾಕ್ತಾರೆ. ಊರು ಮಾತ್ರ ಹಿಡಿದೋನಿಗೇ ಗೊತ್ತು. ಊರು ಬರೀದಿದ್ರೆ ಎಂಥ ಹುಳಾನೂ ಬರೀ ಕಸ." ಸೂಜಿಯನ್ನು ಯಾವಾಗಲೂ ಬಲಗಡೆಯ ರೆಕ್ಕೆಗೇ ಚುಚ್ಚಬೇಕು. ನಡುವೆ ಚುಚ್ಚಿದರೆ ಕದ ತೆರೆದುಕೊಂಡುಬಿಡುತ್ತೆ, ಎರಡೂ ಹಾಳು. ಸಣ್ಣವನ್ನು ಚುಚ್ಚಲಾಗುವುದಿಲ್ಲ, ಮೂಲೆಕಾರ್ಡು ಅನ್ನುವ ಮೂರು ಮೂಲೆಯ ಕಾಗದದ ಚೂರಿನ ತುದಿಗೆ ಅಂಟಿನಲ್ಲಿ ಕೂರಿಸಬೇಕು. ಇದೆಲ್ಲ ನಾನು ಕಲಿತೆ. ಬೆಂಗಳೂರಿಗೆ ಬಂದ ಮೇಲೆ ನಾನು ಕಲಿತ ಮೊದಲ ವಿದ್ಯೆ ಅದು.

ಭಾನುವಾರ ಬಿಟ್ಟು ಉಳಿದ ದಿನ ಒಮ್ಮೊಮ್ಮೆ ಬೆಳಗ್ಗೆ ಅವರ ಜೊತೆ ನಡೆಯುತ್ತಲೂ ಹೋಗುತ್ತಿದ್ದೆ. ಚೀಲ ನನ್ನ ಕೈಯಲ್ಲಿ, ಛತ್ರಿ ಅವರ ಕೈಯಲ್ಲಿ. ಪೊದೆಯ ಕೆಳಗೆ ಛತ್ರಿ ಬಿಚ್ಚಿ ಮಗುಚಿ ಹಿಡಿದು, ಕೊಂಬೆಗೆ ಕೋಲಿನಿಂದ ಒಂದು ಏಟು ಕೊಟ್ಟರೆ ಛತ್ರಿ ತುಂಬ ಹುಳ. ದಾರಿಹೋಕರು ನಿಂತು ನೋಡುತ್ತಿದ್ದರು. ಯಾರೋ ಒಬ್ಬಾಕೆ, "ತಾತಂಗೆ ತಲೆ ಕೆಟ್ಟಿದೆ, ಈ ಹುಡುಗಿಗೆ ಏನಾಗಿದೆ?" ಅಂದಳು. ಕೇಳಿಸುವ ಹಾಗೇ ಅಂದಳು. ನಾನು ಸುಮ್ಮನಿರುವವಳಲ್ಲ, "ನನಗೂ ಕೆಟ್ಟಿದೆ, ಬನ್ನಿ ನಿಮಗೂ ಒಂದು ಕೊಡ್ತೀನಿ" ಅಂದೆ. ಓನರ್ರು ಬಾಯಿಗೆ ಟವಲು ಮುಚ್ಚಿಕೊಂಡು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಮೂರೋ ನಾಲ್ಕೋ ಸಲ.

ಕೆರೆಯಲ್ಲಿ ನೀರಿನ ಮೇಲೆ ಗಿರಕಿ ಹೊಡೆಯುವ ಕಪ್ಪು ದುಂಬಿಗಳನ್ನು ಅವರು ಬಹಳ ಹೊತ್ತು ನೋಡುತ್ತಿದ್ದರು. ಅದರ ಕಣ್ಣು ಎರಡೆರಡು ಭಾಗವಂತೆ, ಮೇಲಿನ ಜೊತೆ ಆಕಾಶ ನೋಡಲು, ಕೆಳಗಿನ ಜೊತೆ ನೀರೊಳಗೆ ನೋಡಲು. "ನಂಗೆ ಇರೋ ಒಂದು ಜೊತೆನೂ ಮಂಜಾಗೋಯ್ತು, ಇದರ ಅದೃಷ್ಟ ನೋಡಮ್ಮ," ಅಂದರು. ಇನ್ನೊಂದು ದಿನ ಚಿಕ್ಕಲಸಂದ್ರದ ಬೇಲಿಬಳ್ಳಿಯ ಎಲೆ ಮೇಲೆ ಒಂದು ಚಿನ್ನದ ಹುಳ ಸಿಕ್ಕಿತು. ಅಪ್ಪಟ ಚಿನ್ನ, ಕಿವಿಗೆ ಹಾಕಿಕೊಳ್ಳುವಂಥದ್ದು. ನಾನು ಕುಣಿದುಬಿಟ್ಟೆ. ಅವರು, "ಈಗಲೇ ನೋಡ್ಕೊಂಬಿಡು. ಸತ್ತ ಮೇಲೆ ಈ ಚಿನ್ನ ಇರಲ್ಲ, ಕಂದು ಬಣ್ಣ ಆಗೋಗ್ತದೆ," ಅಂದರು. ಬಾಟ್ಲಿಗೆ ಹಾಕುವ ಮೊದಲು ಇಬ್ಬರೂ ಬದುವಿನ ಮೇಲೆ ಕೂತು ಅದು ಎಲೆ ಸುತ್ತುವುದನ್ನು ನೋಡಿದೆವು. ಅದರ ಲೇಬಲ್ಲಿನಲ್ಲಿ 'ಜೀವಂತ ಇದ್ದಾಗ ಚಿನ್ನದ ಬಣ್ಣ' ಅಂತ ಬರೆಸಿದರು. ಅಷ್ಟು ಚಿಕ್ಕ ಕಾಗದದಲ್ಲಿ ಅಷ್ಟು ಅಕ್ಷರ ಹಿಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಹೀಗೆ ನಾಲ್ಕು ವರ್ಷ. ಯಾರ ಮೂಲಕವೋ ಸುದ್ದಿ ಹೋಗಿ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲೆಕ್ಚರರ್ ಮೇಡಂ ಬಂದರು. ಪೆಟ್ಟಿಗೆ ಪೆಟ್ಟಿಗೆ ನೋಡಿದರು. ಈ ಕಡೆಯ ದುಂಬಿಗಳನ್ನು ಹೀಗೆ ಊರೂರು ಬರೆದು ಇಟ್ಟವರಿಲ್ಲ ಸಾರ್ ಅಂದರು. ನಮ್ಮ ಕಾಲೇಜಿನ ಹೊಸ ಮ್ಯೂಸಿಯಂ ರೂಮು ಬೇಸಿಗೆ ಕಳೆದ ಮೇಲೆ ರೆಡಿಯಾಗುತ್ತೆ, ಅಷ್ಟನ್ನೂ ನಿಮ್ಮ ಹೆಸರಲ್ಲೇ ಇಡುತ್ತೇವೆ ಅಂದರು. ಅವರು ಹೋದ ಮೇಲೆ ಓನರ್ರು ಕುರ್ಚಿಯಿಂದ ಏಳಲೇ ಇಲ್ಲ. "ನಮಗೆ ಹಿಂದೆ ಮುಂದೆ ಯಾರೂ ಇಲ್ಲ. ಇದು ಉಳಿದ್ರೆ ಸಾಕು," ಅಂದರು. ಅದಕ್ಕೆ ಮುಂಚೆ ಒಂದು ಸಲ ತಾವೇ ಕಣ್ಣಾರೆ ಪ್ರತಿಯೊಂದನ್ನೂ ನೋಡಿ ಕಳಿಸಬೇಕು ಅನ್ನಿಸಿತು ಅವರಿಗೆ. ಅಷ್ಟು ದಿನ ಮುಂದೂಡಿದ್ದ ಕಣ್ಣಿನ ಆಪರೇಷನ್ನಿಗೆ ಒಪ್ಪಿಕೊಂಡರು.

ಆಗ ಪೊರೆ ತೆಗೆಸುವುದೆಂದರೆ ದಿನಗಟ್ಟಲೆ ಅಲ್ಲಾಡದೆ ಮಲಗುವುದು. ಒಂದು ಕಣ್ಣಾಗಿ ಇನ್ನೊಂದು, ಆಮೇಲೆ ತಮ್ಮನ ಮನೆಯಲ್ಲಿ ಆರೈಕೆ, ಒಟ್ಟು ಮೂರು ತಿಂಗಳು. ಹೋಗುವಾಗ ಬೀಗದ ಕೈ ನನ್ನ ಕೈಗಿಟ್ಟರು. "ವಾರಕ್ಕೊಂದು ಸಲ ನೋಡಮ್ಮ. ನುಸಿಗುಳಿಗೆ ಕರಗಿದ್ರೆ ಹೊಸದು ಹಾಕು. ಮುಚ್ಚಳ ಜಾಸ್ತಿ ಹೊತ್ತು ತೆಗೆದಿಡಬೇಡ."

ವಾರಕ್ಕೊಂದು ಸಲ ಅಂದಿದ್ದರು. ನಾನು ದಿನಾ ಹೋದೆ. ಮೂರು ಗಂಟೆಗೆ ಗೋಡೆ ಬಡಿಯುವವರಿಲ್ಲದೆ ನನಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಅವರು ಹೊಸ ಕಣ್ಣಿನಿಂದ ನೋಡುವಾಗ ಎಲ್ಲ ಫಳಫಳ ಅನ್ನಬೇಕು ಅಂತ ಗಾಜು ಒರೆಸಿದೆ, ಮರಕ್ಕೆ ಎಣ್ಣೆ ಹಚ್ಚಿದೆ. ಎರಡನೇ ವಾರವೋ ಮೂರನೇ ವಾರವೋ, ಒಂದು ಪೆಟ್ಟಿಗೆಯ ಬಿಳಿ ಕಾಗದದ ಮೇಲೆ, ಸೂಜಿಯ ಬುಡದಲ್ಲಿ ಚಿಟಿಕೆ ಕಂದು ಪುಡಿ ಕಂಡಿತು. ಹಾಳು ರಸ್ತೆಯ ಧೂಳು ಇಲ್ಲಿಗೂ ಬಂತಲ್ಲಪ್ಪ ಅಂದುಕೊಂಡೆ. ಮುಚ್ಚಳ ತೆಗೆದು, ಮೆತ್ತನೆ ಬ್ರಷ್ಷಿನಿಂದ ಗುಡಿಸಿ, ಒಂದು ಹೊತ್ತು ಗಾಳಿಯಾಡಲು ಕಿಟಕಿ ಪಕ್ಕ ತೆರೆದಿಟ್ಟೆ. ಮಾರನೇ ದಿನ ಇನ್ನೊಂದು ಪೆಟ್ಟಿಗೆಯಲ್ಲಿ. ಅದನ್ನೂ ಗುಡಿಸಿದೆ. ಅವರು ಬರುವವರೆಗೆ ಒಂದು ದಿನ ತಪ್ಪದೆ ಗುಡಿಸಿದೆ. ಎಷ್ಟು ಅಚ್ಚುಕಟ್ಟು ನಾನು ಅಂತ ನನಗೆ ನನ್ನ ಮೇಲೇ ಹೆಮ್ಮೆ. ಹೆಸರುಕಾಳಿನ ಡಬ್ಬದ ತಳದ ಪುಡಿ ಗೊತ್ತಿದ್ದವಳಿಗೆ ಗಾಜಿನ ಕೆಳಗಿನ ಪುಡಿ ಗೊತ್ತಾಗಲಿಲ್ಲ. ನನ್ನಂಥ ದಡ್ಡಿ ಇನ್ನೊಬ್ಬಳಿದ್ದರೆ ತೋರಿಸಿ.

ಅವರು ಬಂದರು. ಮೂಗಿನ ಮೇಲೆ ಸೋಡಾಬುಡ್ಡಿಯ ತಳದಷ್ಟು ದಪ್ಪ ಕನ್ನಡಕ, ಅದರ ಹಿಂದೆ ದೊಡ್ಡದಾಗಿ ಕಾಣುವ ಕಣ್ಣು. "ನೀನು ಇಷ್ಟು ಚಿಕ್ಕೋಳೇನಮ್ಮ? ನಾನು ದೊಡ್ಡ ಹೆಂಗಸು ಅಂದ್ಕೊಂಡಿದ್ದೆ," ಅಂತ ನಕ್ಕರು. ನೇರ ಹೋಗಿ ಮೊದಲ ಪೆಟ್ಟಿಗೆ ಮೇಜಿನ ಮೇಲಿಟ್ಟುಕೊಂಡರು. ನಾನು ಹೊಗಳಿಕೆಗೆ ಕಾಯುತ್ತಾ ನಿಂತೆ. ಅವರು ಬಗ್ಗಿದರು, ಇನ್ನೂ ಬಗ್ಗಿದರು. ಆಮೇಲೆ ತೋರುಬೆರಳಿನಿಂದ ಪೆಟ್ಟಿಗೆಯ ಅಂಚಿಗೆ ಮೆಲ್ಲಗೆ ಒಂದು ಸಲ ತಟ್ಟಿದರು. ಒಂದು ಸಾಲಿನ ಕಾಲುಗಳು, ಮೀಸೆಗಳು, ರೆಕ್ಕೆಗಳು ಕಳಚಿ ಬಿಳಿ ಕಾಗದದ ಮೇಲೆ ಉದುರಿದವು. ಒಳಗೆಲ್ಲ ಟೊಳ್ಳು. ಸೂಜಿಯಲ್ಲಿ ಉಳಿದದ್ದು ನನ್ನ ಲೇಬಲ್ಲು.

"ಪುಡಿ ಬಿದ್ದಿರ್ಲಿಲ್ವೇನಮ್ಮ?"

"ಬಿದ್ದಿತ್ತು ಸಾರ್. ದಿನಾ ಒರೆಸ್ತಿದ್ದೆ."

ಅವರು ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಬಿಳಿ ಕಾಗದವನ್ನು ಒಂದು ಸಲ ಸವರಿ, "ಇದನ್ನ ಹಾಕಿದ್ದೇ ಪುಡಿ ಕಾಣ್ಲಿ ಅಂತ," ಅಂದರು, ಅದೂ ನನಗಲ್ಲ, ತಮಗೇ ಹೇಳಿಕೊಂಡ ಹಾಗೆ. ಎದ್ದು ಹೋಗಿ ಜಗಲಿ ಮೇಲೆ ಕೂತರು. ಹದಿನಾಲ್ಕು ಪೆಟ್ಟಿಗೆಯಲ್ಲಿ ಒಂಬತ್ತು ಹೋಗಿತ್ತು.

ಮೂರು ದಿನ ಗೋಡೆ ಬಡಿಯಲಿಲ್ಲ. ನನಗೆ ಅನ್ನ ಇಳಿಯಲಿಲ್ಲ. ನಮ್ಮನೆಯವರು, "ಹುಳ ತಾನೆ ಮಾರಾಯ್ತಿ, ಇನ್ನೊಂದು ಸಲ ಹಿಡೀತಾರೆ ಬಿಡು," ಅಂದಾಗ ಅವರ ಮೇಲೆ ಹಾರಾಡಿದೆ. ಮಧ್ಯಾಹ್ನ ಮೂರಾದರೆ ಗೋಡೆಗೆ ಕಿವಿ ಕೊಟ್ಟು ಕೂರುತ್ತಿದ್ದೆ. ಆಚೆ ಕಡೆ ಕುರ್ಚಿ ಎಳೆಯುವ ಸದ್ದು, ಲೋಟ ಇಡುವ ಸದ್ದು. ಒಂದೇ ಗೋಡೆಯ ಎರಡು ಬದಿಗೆ ಇಬ್ಬರು ಮಾತಿಲ್ಲದೆ ಕೂತಿದ್ದೆವು. ಅಷ್ಟು ಒಂಟಿ ಅನ್ನಿಸಿದ್ದು ನನಗೆ ಮದುವೆಯಾಗಿ ಬಂದ ಹೊಸತರಲ್ಲೂ ಇಲ್ಲ.

ನಾಲ್ಕನೇ ದಿನ ಟಕ್ ಟಕ್. ಹೋದೆ. ಮೇಜಿನ ಮೇಲೆ ಇಂಕು, ನಿಬ್ಬು ಜೋಡಿಸಿ ಇಟ್ಟಿದ್ದರು. ಮೂಲೆಕಾರ್ಡಿನ ತುದಿಯಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡ ಒಂದು ದುಂಡನೆ ಹುಳ, ಮೈಮೇಲೆ ಬಿಳಿ, ಕಂದು ಚುಕ್ಕೆ. ಭೂತಗನ್ನಡಿ ನನ್ನ ಕಡೆ ತಳ್ಳಿದರು.

"ಕಿಟಕಿ ಹತ್ರ ಸಿಕ್ತು. ಇದರ ಮರಿಗಳೇ ತಿಂದಿರೋದು. ನೋಡು, ಬೆನ್ನ ಮೇಲೆ ಏನೈತೆ?"

ನೋಡಿದೆ. ನಡೂಮಧ್ಯೆ ನೇರ ಗೆರೆ. ನನಗೆ ಅಳು ಬಂತು.

"ಇದೂ ನಮ್ಮದೇ ಕಣಮ್ಮ. ಈ ಜಾತಿ ಇರ್ಲಿಲ್ಲ ನಮ್ಮ ಹತ್ರ. ಬರಿ. ಊರು, ಬನಶಂಕರಿ. ಎಲ್ಲಿ, ಓನರ್ ಮನೆ, ದುಂಬಿ ಪೆಟ್ಟಿಗೆ ಒಳಗೆ. ಹಿಡಿದೋರು..." ಅಲ್ಲಿ ನಿಂತು ನನ್ನ ಹೆಸರು ಹೇಳಿದರು.

"ಸಾರ್, ನಾನು ಹಿಡೀಲಿಲ್ಲ."

"ಸಾಕಿದೋಳು ನೀನು. ನಿನ್ನ ಹೆಸರೇ ಹಾಕ್ಬೇಕು. ಬರಿ."

ಅದುವರೆಗೆ ಬರೆದ ನೂರಾರು ಲೇಬಲ್ಲಿನಲ್ಲಿ ಹಿಡಿದವರ ಜಾಗದಲ್ಲಿ ಅವರ ಹೆಸರೇ ಇತ್ತು. ಅದು ಶಿಕ್ಷೆಯೋ ಕ್ಷಮೆಯೋ ನನಗೆ ಆಗ ತಿಳಿಯಲಿಲ್ಲ. ಬರೆದೆ. ಅಕ್ಷರ ಸೊಟ್ಟಗಾಗಿದೆ, ಈಗಲೂ ನೋಡಬಹುದು.

ಉಳಿದ ಐದು ಪೆಟ್ಟಿಗೆಗಳನ್ನು ಲೆಕ್ಚರರ್ ಮೇಡಂ ತಗೊಂಡು ಹೋದರು. ಹೋದವುಗಳನ್ನು ಮತ್ತೆ ಹಿಡಿಯೋಣ ಅಂತ ಓನರ್ರು ಹೊರಟರು. ಲೇಬಲ್ಲುಗಳಿದ್ದವಲ್ಲ, ಒಂದೊಂದೇ ಓದಿಕೊಂಡು ಆ ಜಾಗಕ್ಕೇ ಹೋಗುವುದು. ಮೊದಲು ಹೋದದ್ದು ಆ ಚಿನ್ನದ ಹುಳದ ಬೇಲಿಗೆ. ಅಲ್ಲಿ ಬೇಲಿ ಇರಲಿಲ್ಲ, ಬದು ಇರಲಿಲ್ಲ. ಹೊಸ ಕಾಂಪೌಂಡು, ಗೇಟಿನಲ್ಲಿ ಒಂದು ಸ್ಕೂಟರು. ಓನರ್ರು ದಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಜೆ.ಪಿ. ನಗರದ ಕಡೆಯ ಹುಣಿಸೆ ತೋಪಿನಲ್ಲಿ ಬುಡಗಳು ಮಾತ್ರ ಇದ್ದವು. ಪದ್ಮನಾಭನಗರದ ಸಗಣಿ ದಿಬ್ಬದ ಜಾಗದಲ್ಲಿ ಹಾಲಿನ ಬೂತು. ನಾಲ್ಕೈದು ತಿಂಗಳು ಅಲೆದೆವು, ಅರ್ಧ ಪೆಟ್ಟಿಗೆ ತುಂಬಿತು. ಒಂದು ದಿನ ಅವರು ಛತ್ರಿ ಬಿಚ್ಚಲಿಲ್ಲ, ಮಡಚಿಕೊಂಡೇ ವಾಪಸು ಬಂದರು. ಆಮೇಲೆ ಹೋಗಲಿಲ್ಲ. ಖಾಲಿ ಸೂಜಿಗಳ ಲೇಬಲ್ಲುಗಳನ್ನು ಮಾತ್ರ ಎಸೆಯಲು ಬಿಡಲಿಲ್ಲ.

ನಮಗೆ ಮಗಳು ಹುಟ್ಟಿದಳು. ಎಂಬತ್ತೆರಡರಲ್ಲಿ ಪದ್ಮನಾಭನಗರದಲ್ಲಿ ಸ್ವಂತ ಮನೆಗೆ ಬಂದೆವು. ನಡೆದರೆ ಅರ್ಧ ಗಂಟೆ ದಾರಿ. ಮೊದಲು ವಾರಕ್ಕೊಂದು ಸಲ ಹೋಗುತ್ತಿದ್ದೆ, ಆಮೇಲೆ ತಿಂಗಳಿಗೊಂದು ಸಲ, ಆಮೇಲೆ ಹಬ್ಬಕ್ಕೆ. ಮಗು, ಸ್ಕೂಲು, ಅತ್ತೆಯವರು ಅಂತ ನೆವಗಳಿಗೇನು ಬರ. ನನ್ನ ಒಂಟಿತನ ತೀರಿತ್ತು, ಅವರದ್ದೂ ತೀರಿರಬೇಕು ಅಂದುಕೊಂಡೆನೋ ಏನೋ.

ಕೊನೆಯ ಸಲ ಹೋದದ್ದು ಒಂದು ದೀಪಾವಳಿಯ ಹಿಂದಿನ ವಾರ. ಬಾಗಿಲಲ್ಲಿ ನಾಲ್ಕು ದಿನದ ಪೇಪರು ಹಾಗೇ ಬಿದ್ದಿತ್ತು. ಒಳಗೆ ಹೋದರೆ ಮುದ್ದೆ ಮಾಡುವ ಪಾತ್ರೆಯ ತಳದಲ್ಲಿ ಒಣಗಿ ಬಿರುಕು ಬಿಟ್ಟ ಹಿಟ್ಟು. ಮೇಜಿನ ಮೇಲೆ ಅರ್ಧ ಕುಡಿದ ಮೂರು ಲೋಟ ಕಾಫಿ, ಕೆನೆ ಕಟ್ಟಿ ಇರುವೆ ಹತ್ತಿತ್ತು. ಪಂಚೆಯ ಅಂಚಿಗೆ ಏನೋ ಕಲೆ. ಅವರು ಕುರ್ಚಿಯಲ್ಲಿದ್ದರು, ಜೇಬು ಖಾಲಿ. "ಹೇಗಿದ್ದೀರ ಸಾರ್?" ಅಂದೆ. "ನಂಗೇನಮ್ಮ, ಚೆನ್ನಾಗಿವ್ನಿ," ಅಂದರು. ನಾನು ಸೆರಗು ಸಿಕ್ಕಿಸಿದೆ. ಪೇಪರು ಜೋಡಿಸಿದೆ, ಪಾತ್ರೆ ತಿಕ್ಕಿದೆ, ಲೋಟ ತೊಳೆದೆ, ಮೇಜು ಒರೆಸಿದೆ, ಮನೆಯೆಲ್ಲ ಗುಡಿಸಿ ಸಾರಿಸಿದೆ. ಮನೆ ಫಳಫಳ ಅಂತು. ಮಗಳನ್ನು ಸ್ಕೂಲಿಂದ ಕರೆತರುವ ಹೊತ್ತಾಯಿತು ಸಾರ್, ಬರ್ತೀನಿ ಅಂತ ಹೊರಟುಬಿಟ್ಟೆ. ಅವರು ಕನ್ನಡಕದೊಳಗಿಂದ ನನ್ನನ್ನೇ ನೋಡುತ್ತಿದ್ದರು.

ಹದಿನೈದು ದಿನಕ್ಕೆ ಓನರ್ರು ತೀರಿಕೊಂಡ ಸುದ್ದಿ ಬಂತು. ಒಂದು ತಿಂಗಳಿಂದ ಸರಿಯಾಗಿ ಊಟ ಸೇರುತ್ತಿರಲಿಲ್ಲವಂತೆ, ಯಾರಿಗೂ ಹೇಳಿರಲಿಲ್ಲವಂತೆ. ಹಾಗಂತ ಅಲ್ಲಿದ್ದವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹೇಳಿರಲಿಲ್ಲ, ಸರಿ. ಆ ಒಣಗಿದ ಪಾತ್ರೆ, ಆ ಪೇಪರು, ಆ ಮೂರು ಲೋಟ ನನಗೆ ಹೇಳಿದ್ದವಲ್ಲ. ನಾನು ಮತ್ತೆ ಒರೆಸಿ ಬಂದಿದ್ದೆ.

ಹನ್ನೊಂದನೇ ದಿನ ಅವರ ತಮ್ಮನ ಮಗ, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ಒಂದು ಸಣ್ಣ ಗಾಜಿನ ಮುಚ್ಚಳದ ಡಬ್ಬಿ ತಂದುಕೊಟ್ಟರು. "ಇದು ದೊಡ್ಡಪ್ಪನ ತಲೆದೆಸೇಲಿ ಇತ್ತು ಅಕ್ಕ. ಕಾಲೇಜಿಗೆ ಕೊಡೋಣ ಅಂತಿದ್ದೆ, ಇದರ ಮೇಲೆ ನಿಮ್ಮ ಹೆಸರಿದೆ." ಒಳಗೆ ಒಂದೇ ಸೂಜಿ, ಚುಕ್ಕೆಯ ಆ ದುಂಡನೆ ಹುಳ, ಕೆಳಗೆ ಸೊಟ್ಟ ಅಕ್ಷರದ ಲೇಬಲ್ಲು. ತಳಕ್ಕೆ ಹೊಸದಾಗಿ ಬಿಳಿ ಕಾಗದ ಅಂಟಿಸಿದ್ದರು.

ಆ ಡಬ್ಬಿ ನನ್ನ ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿದೆ. ಬಟ್ಟೆ ಹಿಡಿದು ಅದರ ಹತ್ತಿರ ಹೋದಾಗಲೆಲ್ಲ ಕೈ ತಾನಾಗಿ ನಿಲ್ಲುತ್ತದೆ. ಮೊದಲು ಕನ್ನಡಕ ಹಾಕಿಕೊಂಡು ಬಿಳಿ ಕಾಗದವನ್ನು ನೋಡುತ್ತೇನೆ. ಮಗಳು ಫೋನಿನಲ್ಲಿ "ಚೆನ್ನಾಗಿದ್ದೀನಮ್ಮ" ಅಂದರೂ ಅಷ್ಟಕ್ಕೆ ಇಡುವುದಿಲ್ಲ, ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ ಅಂತ ಕೇಳಿ ಅವಳಿಂದ ಬೈಸಿಕೊಳ್ಳುತ್ತೇನೆ. ಕಾಗದದ ಮೇಲೆ ಇದುವರೆಗೆ ಪುಡಿ ಬಿದ್ದಿಲ್ಲ. ನೋಡಿ ಆದ ಮೇಲೆಯೇ ಗಾಜು ಒರೆಸುತ್ತೇನೆ.